ಐದೂವರೆ ಸಾವಿರ ಕೊಟ್ಟು ಎಸ್‌ಎಂಪಿಎಸ್ ಕೊಳ್ಳುವುದು ದುಂದುವೆಚ್ಚವೇ?

ಪ್ರಶ್ನೆ: ಸಾಗರ ತಾಲ್ಲೂಕಿನಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದೇನೆ. ಮದುವೆ, ಗೃಹಪ್ರವೇಶಗಳ ವಿಡಿಯೊ ಎಡಿಟಿಂಗ್‌ಗೆಂದು ಮೂರು ವರ್ಷದ ಹಿಂದೆ ರೈಜನ್ 5 5600 ಪ್ರೊಸೆಸರ್‌ನ ಕಂಪ್ಯೂಟರ್ ಜೋಡಿಸಿಕೊಂಡೆ. ಕಳೆದ ವರ್ಷ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ. ಅಂದಿನಿಂದ ವಿಡಿಯೊ ರೆಂಡರ್ ಆಗುವಾಗ (ಎಡಿಟ್ ಮಾಡಿದ್ದು ಅಂತಿಮ ಫೈಲ್ ಆಗುವಾಗ) ಕಂಪ್ಯೂಟರ್ ಏಕಾಏಕಿ ರೀಸ್ಟಾರ್ಟ್ ಆಗುತ್ತದೆ. ರ‍್ಯಾಮ್ ಬದಲಿಸಿದೆ, ವಿಂಡೋಸ್ ಮತ್ತೆ ಹಾಕಿಸಿದೆ, ಪ್ರಯೋಜನವಾಗಲಿಲ್ಲ. ರಿಪೇರಿಯವರು ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಪರೀಕ್ಷಿಸಿ ಸರಿಯಾಗಿದೆ ಎಂದರು. ಅದು ಕ್ಯಾಬಿನೆಟ್ ಜೊತೆಗೇ ಬಂದದ್ದು, 500 ವ್ಯಾಟ್. ಲೇಬಲ್‌ನ ಚಿತ್ರ ಕಳಿಸಿದ್ದೇನೆ. ಪರಿಚಯದವರೊಬ್ಬರು 5,500 ರೂಪಾಯಿಯ 550 ವ್ಯಾಟ್‌ನದನ್ನು ಹಾಕಿಸಿ ಎನ್ನುತ್ತಾರೆ. ಬರೀ 50 ವ್ಯಾಟ್ ಹೆಚ್ಚಿಗೆ ಅಷ್ಟು ಹಣವೇ? ಅಂಗಡಿಯಲ್ಲಿ 600 ವ್ಯಾಟ್‌ನದೇ ಸಾವಿರ ರೂಪಾಯಿಯೊಳಗೆ ಸಿಗುತ್ತಿದೆ. ನಮ್ಮಲ್ಲಿ ಕರೆಂಟ್ ಹೋಗುವುದು ಹೆಚ್ಚು, ಇನ್ವರ್ಟರ್ ಇದೆ. ಇನ್ನೊಂದು ಮಾತು: ಕ್ಯಾಬಿನೆಟ್ ಮುಟ್ಟಿದರೆ ಒಮ್ಮೊಮ್ಮೆ ಕೈ ಜುಮ್ಮೆನ್ನುತ್ತದೆ. ಇದೂ ಎಸ್‌ಎಂಪಿಎಸ್‌ನ ದೋಷವೇ?

ಉತ್ತರ: ನಿಮ್ಮ ಪರಿಚಯದವರ ಮಾತನ್ನು ಕೇಳಿ; ಅವರು ಹೇಳಿದ್ದು ಸರಿಯಾಗಿದೆ. ಆದರೆ ನೀವು ಕೊಡುವ ಹಣ ಆ 50 ವ್ಯಾಟ್‌ಗೆ ಅಲ್ಲ ಎಂಬುದನ್ನು ಮೊದಲು ತಿಳಿಸಬೇಕು, ಏಕೆಂದರೆ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ವ್ಯಾಟ್ ಸಂಖ್ಯೆಯನ್ನು ನಂಬಿದ್ದರಿಂದಲೇ ನೀವು ಒಂದು ವರ್ಷ ಈ ತೊಂದರೆಯನ್ನು ಅನುಭವಿಸಿದ್ದೀರಿ.

ನೀವು ಕಳಿಸಿದ ಲೇಬಲ್‌ನಲ್ಲಿ 12 ವೋಲ್ಟ್ ಎಂಬ ಕಾಲಂನ ಕೆಳಗೆ 16 ಆಂಪಿಯರ್ ಎಂದಿದೆ. ಎರಡನ್ನೂ ಗುಣಿಸಿದರೆ 192 ವ್ಯಾಟ್ ಬರುತ್ತದೆ. ಉಳಿದ ಅಂಕಿಗಳೆಲ್ಲ 5 ವೋಲ್ಟ್ ಮತ್ತು 3.3 ವೋಲ್ಟ್ ಕೊಡುವ ತಂತಿಗಳ ಸಾಲುಗಳಿಗೆ ಸೇರಿದವು. ಅವನ್ನೆಲ್ಲ ಒಟ್ಟಿಗೆ ಕೂಡಿಸಿ 500 ಎಂದು ಬರೆದಿದ್ದಾರೆ. ಹಿಂದೆ ಪ್ರೊಸೆಸರ್‌ಗಳು 5 ವೋಲ್ಟ್‌ನಿಂದ ವಿದ್ಯುತ್ ಪಡೆಯುತ್ತಿದ್ದ ಕಾಲಕ್ಕೆ ಆ ಹಂಚಿಕೆ ಸರಿಯಾಗಿತ್ತು. 2000ನೇ ಇಸವಿಯಲ್ಲಿ ಪೆಂಟಿಯಂ 4 ಬಂದಾಗ ಇಂಟೆಲ್ ಸಂಸ್ಥೆ ಪ್ರೊಸೆಸರ್‌ಗೆ ಪ್ರತ್ಯೇಕವಾದ ನಾಲ್ಕು ಪಿನ್ನಿನ 12 ವೋಲ್ಟ್ ಕನೆಕ್ಟರ್ ತಂದಿತು, ಅಲ್ಲಿಂದೀಚೆಗೆ ಕಂಪ್ಯೂಟರ್‌ನ ಭಾರವೆಲ್ಲ ಕ್ರಮೇಣ 12 ವೋಲ್ಟ್‌ನ ಮೇಲೆ ಬಿತ್ತು. ಇಂದು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಬಹುತೇಕ ಅದೊಂದರಿಂದಲೇ ನಡೆಯುತ್ತವೆ. ನಿಮ್ಮ ಆರ್‌ಟಿಎಕ್ಸ್ 3060 ಪೂರ್ಣ ಕೆಲಸದಲ್ಲಿದ್ದಾಗ 170 ವ್ಯಾಟ್ ಎಳೆಯುತ್ತದೆ, ರೈಜನ್ 5 5600 ಗರಿಷ್ಠ 76 ವ್ಯಾಟ್. ಅಲ್ಲಿಗೇ 246 ವ್ಯಾಟ್ ಆಯಿತು; ಫ್ಯಾನ್, ಹಾರ್ಡ್ ಡಿಸ್ಕ್‌ಗಳ ಲೆಕ್ಕ ಬೇರೆ. 192 ವ್ಯಾಟ್ ಕೊಡಬಲ್ಲ ಸಾಲಿನಿಂದ 246 ವ್ಯಾಟ್ ಕೇಳಿದರೆ ವೋಲ್ಟೇಜ್ ಕುಸಿಯುತ್ತದೆ, ಮದರ್‌ಬೋರ್ಡ್ ರೀಸ್ಟಾರ್ಟ್ ಆಗುತ್ತದೆ. ಫೋಟೊ ತಿದ್ದುವಾಗ, ಬಿಲ್ ಬರೆಯುವಾಗ ಯಂತ್ರ ಇದರ ಅರ್ಧವನ್ನೂ ಕೇಳುವುದಿಲ್ಲವಾದ್ದರಿಂದ ಆಗ ಯಾವ ತೊಂದರೆಯೂ ಕಾಣುವುದಿಲ್ಲ. ಅಂಗಡಿಯಲ್ಲಿ ಸಿಗುವ 600 ವ್ಯಾಟ್‌ನ ಅಗ್ಗದ ಪೆಟ್ಟಿಗೆಯ 12 ವೋಲ್ಟ್ ಕಾಲಂ ನೋಡಿ. ಅಲ್ಲಿಯೂ ಹೆಚ್ಚೆಂದರೆ ಇನ್ನೊಂದೆರಡು ಆಂಪಿಯರ್ ಇರಬಹುದು, ಅಷ್ಟೆ. ಒಳ್ಳೆಯ 550 ವ್ಯಾಟ್‌ನ ಎಸ್‌ಎಂಪಿಎಸ್‌ನಲ್ಲಿ ಅದೇ ಕಾಲಂನಲ್ಲಿ 43ರಿಂದ 46 ಆಂಪಿಯರ್, ಎಂದರೆ ಹೇಳಿದ ವ್ಯಾಟ್‌ನ ಹೆಚ್ಚುಕಡಿಮೆ ಎಲ್ಲವೂ 12 ವೋಲ್ಟ್‌ನಲ್ಲೇ ದೊರೆಯುತ್ತದೆ.

ರಿಪೇರಿಯವರು ಮಾಡಿದ ಪರೀಕ್ಷೆ ಯಾವುದಿರಬಹುದು ಎಂದು ಊಹಿಸಬಲ್ಲೆ. ದೊಡ್ಡ ಕನೆಕ್ಟರಿನ ಹಸಿರು ವೈರನ್ನು ಕಪ್ಪು ವೈರಿಗೆ ತಂತಿಯ ತುಂಡಿನಿಂದ ಜೋಡಿಸಿ, ಫ್ಯಾನ್ ತಿರುಗಿದ ಮೇಲೆ ಮಲ್ಟಿಮೀಟರ್ ಇಟ್ಟು 12 ಎಂಬ ಅಂಕಿ ನೋಡಿರುತ್ತಾರೆ. ನಮ್ಮ ಕಡೆ ಎಲ್ಲರೂ ಮಾಡುವುದು ಇದನ್ನೇ, ನಾನೂ ಮೊದಲ ಹೆಜ್ಜೆಯಾಗಿ ಮಾಡುತ್ತೇನೆ. ಆದರೆ ಅದರಿಂದ ತಿಳಿಯುವುದು ಎಸ್‌ಎಂಪಿಎಸ್ ಸತ್ತಿಲ್ಲ ಎಂಬುದು ಮಾತ್ರ. ಹೊರೆ ಇಲ್ಲದೆ ನಿಂತ ಎತ್ತಿನ ಬಲವನ್ನು ನೋಟದಿಂದ ಅಳೆಯಲಾಗದು. 200 ವ್ಯಾಟ್ ಲೋಡ್ ಕೊಟ್ಟಾಗ ವೋಲ್ಟೇಜ್ ಎಷ್ಟು ಇಳಿಯುತ್ತದೆ, ಆ ವೋಲ್ಟೇಜ್‌ನ ಮೇಲೆ ರಿಪ್ಪಲ್ ಎಂಬ ಸೂಕ್ಷ್ಮ ಏರಿಳಿತ ಎಷ್ಟಿದೆ ಎಂಬುದನ್ನು ತಿಳಿಯಲು ಎಲೆಕ್ಟ್ರಾನಿಕ್ ಲೋಡ್ ಮತ್ತು ಆಸಿಲೋಸ್ಕೋಪ್ ಎಂಬ ಉಪಕರಣಗಳು ಬೇಕು. ಎಸ್‌ಎಂಪಿಎಸ್ ಹೇಗಿರಬೇಕೆಂದು ಹೇಳುವ ಎಟಿಎಕ್ಸ್ ಮಾರ್ಗಸೂಚಿಯ ಪ್ರಕಾರ 12 ವೋಲ್ಟ್ ಸಾಲು 11.4 ಮತ್ತು 12.6ರ ನಡುವೆ ಇರಬೇಕು, ರಿಪ್ಪಲ್ 120 ಮಿಲಿವೋಲ್ಟ್ ಮೀರಬಾರದು. 5 ಮತ್ತು 3.3 ವೋಲ್ಟ್‌ನಲ್ಲಿ ರಿಪ್ಪಲ್‌ನ ಮಿತಿ 50 ಮಿಲಿವೋಲ್ಟ್. ಮಲ್ಟಿಮೀಟರ್ ಸರಾಸರಿಯನ್ನು ತೋರಿಸುತ್ತದೆ, ಕ್ಷಣದ ಕುಸಿತವನ್ನಲ್ಲ.

ಅಗ್ಗದ ಪೆಟ್ಟಿಗೆಗಳಲ್ಲಿ ಇನ್ನೊಂದು ಕೆಡುಕಿದೆ. ಅವುಗಳಲ್ಲಿ 12 ಮತ್ತು 5 ವೋಲ್ಟ್‌ಗಳೆರಡನ್ನೂ ಒಂದೇ ನಿಯಂತ್ರಣದಲ್ಲಿ ಕಟ್ಟಿಹಾಕಿರುತ್ತಾರೆ. 12 ವೋಲ್ಟ್‌ನಿಂದ ಹೆಚ್ಚು ಎಳೆದಾಗ ಅದು ಕುಸಿಯುತ್ತದೆ, ಅದನ್ನು ಮೇಲೆತ್ತಲು ನಿಯಂತ್ರಕ ಒತ್ತು ಕೊಟ್ಟಾಗ ಯಾರೂ ಕೇಳದ 5 ವೋಲ್ಟ್ ಮೇಲೇರುತ್ತದೆ. ನಿಮ್ಮ ಹಾರ್ಡ್ ಡಿಸ್ಕ್‌ಗಳ ಎಲೆಕ್ಟ್ರಾನಿಕ್ಸ್ ನಡೆಯುವುದು ಆ 5 ವೋಲ್ಟ್‌ನಿಂದ. ಗ್ರಾಫಿಕ್ಸ್ ಕಾರ್ಡ್ ದುಡಿದಾಗಲೆಲ್ಲ ಪಾಪ, ಡಿಸ್ಕ್ ಪೆಟ್ಟು ತಿನ್ನುತ್ತದೆ. ಒಳ್ಳೆಯ ಎಸ್‌ಎಂಪಿಎಸ್‌ಗಳು ಮೊದಲು 12 ವೋಲ್ಟ್ ಮಾತ್ರ ತಯಾರಿಸಿ, ಅದರಿಂದ ಬೇರೆ ಬೇರೆ ಸಣ್ಣ ಪರಿವರ್ತಕಗಳ ಮೂಲಕ 5 ಮತ್ತು 3.3 ವೋಲ್ಟ್‌ಗಳನ್ನು ತೆಗೆಯುತ್ತವೆ, ಹೀಗಾಗಿ ಒಂದರ ಭಾರ ಇನ್ನೊಂದಕ್ಕೆ ತಟ್ಟುವುದಿಲ್ಲ.

ಹೆಚ್ಚಿನ ಹಣ ಒಳಗೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಗೋಡೆಯಿಂದ ಬರುವ 230 ವೋಲ್ಟ್ ಮೊದಲು ಒಂದು ಫಿಲ್ಟರ್‌ನ ಮೂಲಕ ಹಾಯಬೇಕು. ಅಲ್ಲಿ ಸುರುಳಿಗಳು, ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್‌ಗಳು ಮತ್ತು ಹಠಾತ್ ಏರುವ ವೋಲ್ಟೇಜನ್ನು ಹೀರುವ ಎಂಒವಿ ಎಂಬ ಬಿಲ್ಲೆ ಇರುತ್ತವೆ. ನನ್ನ ಮೇಜಿಗೆ ಬರುವ ಅಗ್ಗದ ಪೆಟ್ಟಿಗೆಗಳನ್ನು ಬಿಚ್ಚಿದರೆ ಬೋರ್ಡಿನ ಮೇಲೆ ಈ ಭಾಗಗಳಿಗೆಂದು ಅಚ್ಚಾದ ಜಾಗ ಇರುತ್ತದೆ, ಭಾಗ ಇರುವುದಿಲ್ಲ. ಸುರುಳಿ ಇರಬೇಕಾದಲ್ಲಿ ಎರಡು ತಂತಿಯ ತುಂಡು ಬೆಸೆದಿರುತ್ತಾರೆ. ವಿನ್ಯಾಸ ಮಾಡಿದವರಿಗೆ ಏನು ಬೇಕೆಂದು ಗೊತ್ತಿತ್ತು, ಮಾರಿದವರು ಅದನ್ನು ಬೇಕೆಂದೇ ಬಿಟ್ಟರು. ಇದನ್ನು ನೋಡಿದಾಗಲೆಲ್ಲ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಮಲೆನಾಡಿನಲ್ಲಿ ಗುಡುಗು ಸಿಡಿಲಿನ ದಿನಗಳಲ್ಲಿ ಲೈನಿನ ಮೇಲೆ ಬರುವ ಹೊಡೆತಗಳಿಗೆ ಮೊದಲ ತಡೆ ಅದೇ. ನೇರ ಸಿಡಿಲಿಗೆ ಯಾವ ಎಸ್‌ಎಂಪಿಎಸ್ಸೂ ತಡೆಯಾಗದು, ಆಗ ಪ್ಲಗ್ ಕಿತ್ತಿಡುವುದೊಂದೇ ದಾರಿ. ಆದರೆ ದಿನನಿತ್ಯದ ಸಣ್ಣಪುಟ್ಟ ಹೊಡೆತಗಳೇ ಒಟ್ಟಿನಲ್ಲಿ ಹೆಚ್ಚು ಹಾನಿ ಮಾಡುತ್ತವೆ.

ಫಿಲ್ಟರ್ ದಾಟಿದ ವಿದ್ಯುತ್ತು ಡಿಸಿ ಆಗಿ ಒಂದು ದೊಡ್ಡ ಕೆಪಾಸಿಟರಿನಲ್ಲಿ ಶೇಖರವಾಗುತ್ತದೆ. ಉತ್ತಮ ಎಸ್‌ಎಂಪಿಎಸ್‌ನಲ್ಲಿ ಆಕ್ಟಿವ್ ಪಿಎಫ್‌ಸಿ ಎಂಬ ಹಂತವಿದ್ದು, ಅದು ಒಳಬರುವ ವೋಲ್ಟೇಜ್ ಎಷ್ಟೇ ಇರಲಿ ಸುಮಾರು 380ರಿಂದ 400 ವೋಲ್ಟ್‌ಗೆ ಏರಿಸಿ ಸ್ಥಿರವಾಗಿಡುತ್ತದೆ. 100ರಿಂದ 240 ವೋಲ್ಟ್ ಎಂದು ಲೇಬಲ್‌ನಲ್ಲಿ ಬರೆದವುಗಳಿಗೆ ಸಂಜೆ ಹೊತ್ತಿನಲ್ಲಿ ಲೈನ್ 170ಕ್ಕೆ ಇಳಿದರೂ ಚಿಂತೆಯಿಲ್ಲ. ನಿಮ್ಮ ಈಗಿನ ಪೆಟ್ಟಿಗೆಯ ಹಿಂಬದಿಯಲ್ಲಿ 115 ಮತ್ತು 230 ಎಂದು ಬರೆದ ಕೆಂಪು ಸ್ವಿಚ್ ಇದ್ದರೆ ಅದರಲ್ಲಿ ಆ ಹಂತ ಇಲ್ಲವೆಂದೇ ತಿಳಿಯಿರಿ. ಆ ಸ್ವಿಚ್ಚನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಿ: 115ಕ್ಕೆ ತಳ್ಳಿ ನಮ್ಮ 230 ವೋಲ್ಟ್ ಕೊಟ್ಟರೆ ಒಳಗಿನ ವೋಲ್ಟೇಜ್ 325ರ ಬದಲು 650 ಆಗುತ್ತದೆ, ಕೆಪಾಸಿಟರ್ ಪಟಾಕಿಯಂತೆ ಸಿಡಿಯುತ್ತದೆ. ಸ್ಟುಡಿಯೊ ಗುಡಿಸುವಾಗ ಪೊರಕೆ ತಗುಲಿ ಹೀಗಾದ ಒಂದು ಪೆಟ್ಟಿಗೆ ನನ್ನಲ್ಲಿಗೆ ಬಂದಿತ್ತು.

ಕೆಪಾಸಿಟರಿನ ಮಾತು ಬಂದದ್ದರಿಂದ ಆಯುಷ್ಯದ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಎಸ್‌ಎಂಪಿಎಸ್‌ನ ಆಯುಷ್ಯವೆಂದರೆ ಹೆಚ್ಚುಕಡಿಮೆ ಅದರ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಆಯುಷ್ಯ. ಅವುಗಳೊಳಗೆ ಒಂದು ದ್ರವವಿರುತ್ತದೆ, ಬಿಸಿಗೆ ಅದು ನಿಧಾನವಾಗಿ ಆರುತ್ತದೆ. ಅವುಗಳ ಮೈಮೇಲೆ 85 ಡಿಗ್ರಿ ಅಥವಾ 105 ಡಿಗ್ರಿ ಎಂದು ಬರೆದಿರುತ್ತದೆ. ಆ ಬಿಸಿಯಲ್ಲಿ ಇಷ್ಟು ಗಂಟೆ ಬಾಳುತ್ತದೆ ಎಂದು ತಯಾರಕರು ಹೇಳುತ್ತಾರೆ. ಬಿಸಿ 10 ಡಿಗ್ರಿ ಇಳಿದಂತೆಲ್ಲ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಸೂತ್ರ. ಎರಡೂ ಬಗೆಯವು 2,000 ಗಂಟೆಯವೆಂದು ಹಿಡಿಯೋಣ, ಪೆಟ್ಟಿಗೆಯೊಳಗೆ 65 ಡಿಗ್ರಿ ಇದೆ ಎನ್ನೋಣ. 85 ಡಿಗ್ರಿಯದು 8,000 ಗಂಟೆ ಬಾಳಿದರೆ 105 ಡಿಗ್ರಿಯದು 32,000 ಗಂಟೆ ಬಾಳುತ್ತದೆ. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ನಡೆಸಿದರೆ ಮೊದಲನೆಯದು ಮೂರು ವರ್ಷ ದಾಟಿ ಸ್ವಲ್ಪ ದಿನಕ್ಕೆ ಮುಗಿಯಿತು, ಎರಡನೆಯದು ಹದಿಮೂರು ವರ್ಷ. ನಿಮ್ಮದಕ್ಕೆ ಈಗ ಮೂರು ವರ್ಷ. ಕೆಪಾಸಿಟರ್ ಆರುತ್ತಾ ಬಂದಂತೆ ರಿಪ್ಪಲ್ ಏರುತ್ತದೆ, ಮದರ್‌ಬೋರ್ಡ್ ಮತ್ತು ಗ್ರಾಫಿಕ್ಸ್ ಕಾರ್ಡ್‌ನ ಮೇಲಿರುವ ಕೆಪಾಸಿಟರ್‌ಗಳು ಆ ಏರಿಳಿತವನ್ನು ಹೀರಿ ತಾವೂ ಬಿಸಿಯಾಗುತ್ತವೆ. ಹೀಗೆ ಒಂದರ ಮುಪ್ಪು ಇನ್ನೊಂದಕ್ಕೆ ಅಂಟುತ್ತದೆ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯ. ಯಾವ ಎಸ್‌ಎಂಪಿಎಸ್ ಆದರೂ ಒಂದು ದಿನ ಕೆಡುತ್ತದೆ. ಕೆಡುವಾಗ ಅದು ಒಂದೇ ಸಾಯುತ್ತದೆಯೋ ಇತರರನ್ನೂ ಕರೆದುಕೊಂಡು ಹೋಗುತ್ತದೆಯೋ ಎಂಬುದೇ ಪ್ರಶ್ನೆ. ಕಂಪ್ಯೂಟರ್‌ನಲ್ಲಿ ಪ್ರತಿಯೊಂದು ಭಾಗಕ್ಕೂ ತಂತಿ ಎಳೆದು ಜೋಡಿಸಿಕೊಂಡಿರುವುದು ಇದೊಂದೇ. ಒಳ್ಳೆಯದರಲ್ಲಿ ಒಂದು ಕಾವಲು ಚಿಪ್ ಇದ್ದು, ವೋಲ್ಟೇಜ್ ಏರಿದರೆ, ಇಳಿದರೆ, ಕರೆಂಟ್ ಮಿತಿ ಮೀರಿದರೆ, ಶಾರ್ಟ್ ಆದರೆ, ಬಿಸಿ ಹೆಚ್ಚಿದರೆ ತಕ್ಷಣ ಎಲ್ಲವನ್ನೂ ನಿಲ್ಲಿಸುತ್ತದೆ. ಅಗ್ಗದ್ದರಲ್ಲಿ ಇವುಗಳಲ್ಲಿ ಒಂದೆರಡು ಮಾತ್ರ ಇರುತ್ತವೆ, ಇದ್ದರೂ ಅವುಗಳ ಮಿತಿಯನ್ನು ಎಷ್ಟೋ ಮೇಲೆ ಇಟ್ಟಿರುತ್ತಾರೆ. ನಿಯಂತ್ರಣ ತಪ್ಪಿ 12 ವೋಲ್ಟ್ ಸಾಲು 15ಕ್ಕೋ 16ಕ್ಕೋ ಏರಿದ ಒಂದು ಕ್ಷಣ ಸಾಕು, ಎರಡೂ ಹಾರ್ಡ್ ಡಿಸ್ಕ್‌ಗಳ ಬೋರ್ಡುಗಳು ಒಟ್ಟಿಗೆ ಸುಡುತ್ತವೆ. ಒಂದು ಡಿಸ್ಕ್‌ನಲ್ಲಿರುವುದರ ನಕಲು ಅದೇ ಕ್ಯಾಬಿನೆಟ್‌ನ ಇನ್ನೊಂದು ಡಿಸ್ಕ್‌ನಲ್ಲಿದೆ ಎಂದು ನೆಮ್ಮದಿಯಿಂದಿದ್ದ ಒಬ್ಬ ಸ್ಟುಡಿಯೊದವರು ಹೀಗೆ ಎರಡನ್ನೂ ಕಳೆದುಕೊಂಡು ಬಂದಾಗ, ಅವರ ಕೈಯಲ್ಲಿ ಇನ್ನೂ ಆಲ್ಬಂ ಕೊಡಬೇಕಾಗಿದ್ದ ನಾಲ್ಕು ಮದುವೆಗಳಿದ್ದವು. ಒಂದು ಡಿಸ್ಕ್‌ನಲ್ಲಿ ಅದೃಷ್ಟವಶಾತ್ ರಕ್ಷಣೆಗೆಂದು ಇಟ್ಟ ಟಿವಿಎಸ್ ಡಯೋಡ್ ಮಾತ್ರ ಸುಟ್ಟಿತ್ತು, ಅದನ್ನು ತೆಗೆದು ದತ್ತಾಂಶ ಉಳಿಸಿಕೊಟ್ಟೆ. ಇನ್ನೊಂದು ಡಿಸ್ಕ್ ಬರಲೇ ಇಲ್ಲ. ಮದುವೆಯನ್ನು ಮತ್ತೊಮ್ಮೆ ಮಾಡಿಸಿ ಫೋಟೊ ತೆಗೆಯಲಾಗುವುದಿಲ್ಲವಲ್ಲ. 5,500ರಲ್ಲಿ ಹೆಚ್ಚಿನ ಪಾಲು ಹೋಗುವುದು ಈ ಕಾವಲಿಗೆ ಮತ್ತು ಭಾಗಗಳ ಗುಣಕ್ಕೆ.

ಕರೆಂಟ್ ಹೋಗುವ ವಿಚಾರವೂ ಇಲ್ಲಿಗೇ ಸೇರುತ್ತದೆ. ಲೈನ್ ನಿಂತು ಇನ್ವರ್ಟರ್ ಕೈಗೆತ್ತಿಕೊಳ್ಳುವ ನಡುವೆ ಕೆಲವು ಮಿಲಿಸೆಕೆಂಡುಗಳ ಕತ್ತಲೆ ಇರುತ್ತದೆ, ಆ ಹೊತ್ತು ಕಂಪ್ಯೂಟರ್ ನಡೆಯುವುದು ದೊಡ್ಡ ಕೆಪಾಸಿಟರಿನಲ್ಲಿ ಉಳಿದ ವಿದ್ಯುತ್ತಿನಿಂದ. ಎಟಿಎಕ್ಸ್ ಮಾರ್ಗಸೂಚಿ ಬಯಸುವುದು ಭಾರೀ ಲೋಡ್‌ನಲ್ಲೂ 16 ಮಿಲಿಸೆಕೆಂಡಿನ ಆಸುಪಾಸು. ನಿಮ್ಮ ಯಂತ್ರ 550 ವ್ಯಾಟ್‌ನ ಅರ್ಧದಷ್ಟನ್ನೇ ಬಳಸುವುದರಿಂದ ಅದೇ ಕೆಪಾಸಿಟರ್ ಸರಿಸುಮಾರು ಎರಡು ಪಟ್ಟು ಹೊತ್ತು ಆಧಾರ ಕೊಡುತ್ತದೆ. ಸಣ್ಣ ಕೆಪಾಸಿಟರ್ ಹಾಕಿ ಕಾಸು ಉಳಿಸಿದ ಪೆಟ್ಟಿಗೆ ಈ ಹೊತ್ತನ್ನು ದಾಟಲಾರದು. ಇನ್ವರ್ಟರ್‌ನ ಹಿಂದೆ ಯುಪಿಎಸ್ ಎಂಬ ಸ್ವಿಚ್ ಇದ್ದರೆ ಅದನ್ನು ಆ ಸ್ಥಾನದಲ್ಲೇ ಇಡಿ. ಸಾಮಾನ್ಯ ಸ್ಥಾನದಲ್ಲಿ ಬದಲಾವಣೆಗೆ ಹೆಚ್ಚು ಹೊತ್ತು ಹಿಡಿಯುತ್ತದೆ. ಜೊತೆಗೆ ಒಂದು ಎಚ್ಚರಿಕೆ: ಇನ್ವರ್ಟರ್ ಸ್ಕ್ವೇರ್ ವೇವ್ ಬಗೆಯದಾಗಿದ್ದರೆ ಆಕ್ಟಿವ್ ಪಿಎಫ್‌ಸಿ ಇರುವ ಹೊಸ ಎಸ್‌ಎಂಪಿಎಸ್ ಅದರ ಮೇಲೆ ಗುಂಯ್ ಎನ್ನಬಹುದು, ಕೆಲವೊಮ್ಮೆ ನಿಂತೇ ಹೋಗಬಹುದು. ಅದು ಎಸ್‌ಎಂಪಿಎಸ್‌ನ ದೋಷವಲ್ಲ. ಸೈನ್ ವೇವ್ ಇನ್ವರ್ಟರ್ ಆದರೆ ಯಾವ ತೊಡಕೂ ಇಲ್ಲ.

80 ಪ್ಲಸ್ ಎಂಬ ಗುರುತನ್ನು ಕುರಿತು ಅಂಗಡಿಯವರು ನಿಮಗೆ ಬಹಳ ಹೇಳುತ್ತಾರೆ. ಅಮೆರಿಕದಲ್ಲಿ 2004ರಲ್ಲಿ ಆರಂಭವಾದ ಈ ಯೋಜನೆ ಅಳೆಯುವುದು ಗೋಡೆಯಿಂದ ಪಡೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಕಂಪ್ಯೂಟರ್‌ಗೆ ತಲುಪುತ್ತದೆ ಎಂಬುದನ್ನು. ಅರ್ಧ ಲೋಡ್‌ನಲ್ಲಿ 115 ವೋಲ್ಟ್‌ನ ಪರೀಕ್ಷೆಯಲ್ಲಿ ಅದರ ಬ್ರಾಂಜ್ ದರ್ಜೆಗೆ ಶೇ 85, ಗೋಲ್ಡ್ ದರ್ಜೆಗೆ ಶೇ 90 ಬೇಕು. ಇದು ಒಳ್ಳೆಯ ಗುರುತೇ ಹೌದು, ಆದರೆ ಅದರಲ್ಲಿ ರಿಪ್ಪಲ್ ಆಗಲಿ ಮೇಲೆ ಹೇಳಿದ ಕಾವಲುಗಳಾಗಲಿ ಪರೀಕ್ಷೆಗೆ ಒಳಪಡುವುದಿಲ್ಲ, ಪರೀಕ್ಷೆ ನಡೆಯುವುದು ಸುಮಾರು 23 ಡಿಗ್ರಿಯ ತಂಪಿನಲ್ಲಿ. ಗೋಲ್ಡ್ ಎಂದ ಮಾತ್ರಕ್ಕೆ ಎಲ್ಲವೂ ಚಿನ್ನವೆಂದು ಭಾವಿಸಬಾರದು. ಗುಣದಲ್ಲಿ ಉತ್ತಮವಾದ ಬ್ರಾಂಜ್, ಕಳಪೆ ಗೋಲ್ಡ್‌ಗಿಂತ ಮೇಲು. ವಿದ್ಯುತ್ ಬಿಲ್ಲಿನಲ್ಲಿ ಹಣ ವಾಪಸ್ ಬರುತ್ತದೆ ಎಂಬ ಮಾತನ್ನೂ ಲೆಕ್ಕ ಹಾಕಿ ನೋಡೋಣ. ನಿಮ್ಮ ಯಂತ್ರ 250 ವ್ಯಾಟ್ ಬಳಸುವಾಗ ಶೇ 75ರ ದಕ್ಷತೆಯ ಪೆಟ್ಟಿಗೆ ಗೋಡೆಯಿಂದ 333 ವ್ಯಾಟ್ ಎಳೆದರೆ, ಶೇ 88ರದು 284 ವ್ಯಾಟ್ ಎಳೆಯುತ್ತದೆ. ದಿನಕ್ಕೆ ನಾಲ್ಕು ಗಂಟೆ ರೆಂಡರ್ ಮಾಡಿದರೂ ವರ್ಷಕ್ಕೆ ಉಳಿಯುವುದು ಸುಮಾರು 60 ಯೂನಿಟ್, ಯೂನಿಟ್‌ಗೆ 7 ರೂಪಾಯಿಯಂತೆ 400 ರೂಪಾಯಿ ಚಿಲ್ಲರೆ. ಸಂತೋಷದ ವಿಷಯ, ಆದರೆ ಅದಕ್ಕಾಗಿಯೇ ಕೊಳ್ಳಬೇಕೆಂದು ನಾನು ಹೇಳಲಾರೆ. ವ್ಯರ್ಥವಾಗುವ ಆ 50 ವ್ಯಾಟ್ ಬಿಸಿಯಾಗಿ ಪೆಟ್ಟಿಗೆಯೊಳಗೇ ಉಳಿದು ಕೆಪಾಸಿಟರನ್ನು ಒಣಗಿಸುತ್ತದೆ ಎಂಬುದು ನನಗೆ ಹೆಚ್ಚಿನ ಕಾರಣವಾಗಿ ಕಾಣುತ್ತದೆ.

ಕೈ ಜುಮ್ಮೆನ್ನುವುದಕ್ಕೆ ಎಸ್‌ಎಂಪಿಎಸ್ಸನ್ನು ದೂರಬೇಡಿ. ನಿಮ್ಮ ಗೋಡೆಯ ಸಾಕೆಟ್‌ನಲ್ಲಿ ಅರ್ಥಿಂಗ್ ಇಲ್ಲ ಅಥವಾ ಸರಿಯಾಗಿಲ್ಲ ಎಂಬುದೇ ಅದರ ಅತಿ ಸಾಮಾನ್ಯ ಕಾರಣ. ಫಿಲ್ಟರ್‌ನಲ್ಲಿ ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಲೋಹದ ಪೆಟ್ಟಿಗೆಗೆ ಒಂದೊಂದು ಸಣ್ಣ ಕೆಪಾಸಿಟರ್ ಇರುತ್ತದೆ, ಅವುಗಳ ಮೂಲಕ ಹರಿಯುವ ಅತ್ಯಲ್ಪ ಕರೆಂಟ್ ಅರ್ಥ್ ತಂತಿಯಲ್ಲಿ ಇಳಿದುಹೋಗಬೇಕು. ಆ ದಾರಿ ಇಲ್ಲದಿದ್ದರೆ ಕ್ಯಾಬಿನೆಟ್ 230ರ ಅರ್ಧದಷ್ಟು ವೋಲ್ಟೇಜ್‌ನಲ್ಲಿ ತೇಲುತ್ತದೆ, ನೀವು ಮುಟ್ಟಿದಾಗ ನಿಮ್ಮ ಮೂಲಕ ಇಳಿಯುತ್ತದೆ. ಹೊಸ ಎಸ್‌ಎಂಪಿಎಸ್ ಹಾಕಿದರೂ ಜುಮ್ಮೆನ್ನುವುದು ನಿಲ್ಲದು. ಫಿಲ್ಟರ್ ಪೂರ್ಣವಾಗಿರುವುದರಿಂದ ಹೆಚ್ಚಲೂಬಹುದು. ಎಲೆಕ್ಟ್ರಿಷಿಯನ್‌ರನ್ನು ಕರೆಸಿ ಫೇಸ್ ಮತ್ತು ಅರ್ಥ್ ನಡುವೆ ಅಳೆಸಿ. 230ರ ಹತ್ತಿರ ತೋರಿಸಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್‌ಗಿಂತ ಹೆಚ್ಚಿದ್ದರೆ ಅರ್ಥಿಂಗ್ ಗುಂಡಿಯನ್ನು ನೋಡಿಸಬೇಕು. ಈ ಕೆಲಸವನ್ನು ಎಸ್‌ಎಂಪಿಎಸ್ ಕೊಳ್ಳುವುದಕ್ಕಿಂತ ಮೊದಲೇ ಮಾಡಿಸಿ. ಜುಮ್ಮೆನ್ನುವುದಲ್ಲದೆ ಜೋರಾಗಿ ಹೊಡೆದರೆ ಪ್ಲಗ್ ಕಿತ್ತು, ಕಂಪ್ಯೂಟರ್ ಬಳಸುವುದನ್ನೇ ನಿಲ್ಲಿಸಿ.

ಕೊಳ್ಳುವಾಗ ಕಂಪನಿಯ ಹೆಸರೊಂದನ್ನೇ ನೋಡಬೇಡಿ, ಏಕೆಂದರೆ ಹೆಸರಾಂತ ಬ್ರಾಂಡ್‌ಗಳೂ ಅನೇಕ ಮಾದರಿಗಳನ್ನು ಬೇರೆ ತಯಾರಕರಿಂದ ಮಾಡಿಸಿ ತಮ್ಮ ಚೀಟಿ ಅಂಟಿಸುತ್ತವೆ, ಒಂದೇ ಹೆಸರಿನಲ್ಲಿ ಉತ್ತಮವೂ ಸಾಧಾರಣವೂ ಇರುತ್ತವೆ. ನಿರ್ದಿಷ್ಟ ಮಾದರಿಯನ್ನು ಬಿಚ್ಚಿ, ಲೋಡ್ ಕೊಟ್ಟು, ರಿಪ್ಪಲ್‌ನ ಚಿತ್ರ ಸಮೇತ ಪರೀಕ್ಷಿಸಿದ ವಿಮರ್ಶೆ ಇದೆಯೇ ನೋಡಿ. ಐದು ವರ್ಷ ಅಥವಾ ಹೆಚ್ಚಿನ ವಾರಂಟಿ ಇರಲಿ. ತನ್ನ ಕೆಪಾಸಿಟರ್ ಎಷ್ಟು ಕಾಲ ಬಾಳುತ್ತದೆಂದು ತಯಾರಕನಿಗೆ ಗೊತ್ತಿರುತ್ತದೆ. ಅಂಗಡಿಯವರು 850 ವ್ಯಾಟ್ ತೆಗೆದುಕೊಳ್ಳಿ ಎಂದರೆ ಒಪ್ಪಬೇಡಿ. ನಿಮ್ಮ ಯಂತ್ರದ ಬಳಕೆ ಒಟ್ಟು 300 ವ್ಯಾಟ್‌ನ ಆಸುಪಾಸು, ಗ್ರಾಫಿಕ್ಸ್ ಕಾರ್ಡ್ ಕೆಲವು ಮಿಲಿಸೆಕೆಂಡುಗಳ ಕಾಲ ತನ್ನ ಮಿತಿಗಿಂತ ಮೇಲೆ ಹಾರುವುದನ್ನು ಸೇರಿಸಿದರೂ 550 ಸಾಕು, ಎನ್‌ವಿಡಿಯಾ ಸಂಸ್ಥೆ ಈ ಕಾರ್ಡ್‌ಗೆ ಸೂಚಿಸಿರುವುದೂ ಅಷ್ಟನ್ನೇ. ಉಳಿದ ಹಣದಲ್ಲಿ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಂಡು, ಗಿರಾಕಿಗಳ ಫೋಟೊಗಳ ನಕಲನ್ನು ಅದರಲ್ಲಿ ತೆಗೆದು, ಕಂಪ್ಯೂಟರ್‌ನಿಂದ ಬಿಡಿಸಿ ಕಪಾಟಿನಲ್ಲಿಡಿ.

ಜೋಡಿಸುವ ದಿನ ಒಂದನ್ನು ಮರೆಯಬೇಡಿ. ಕೇಬಲ್ ಬಿಚ್ಚಿ ತೆಗೆಯುವಂಥ ಮಾಡ್ಯುಲರ್ ಎಸ್‌ಎಂಪಿಎಸ್ ಕೊಂಡರೆ ಅದರ ಡಬ್ಬಿಯಲ್ಲಿ ಬಂದ ಕೇಬಲ್‌ಗಳನ್ನೇ ಬಳಸಬೇಕು. ಎಸ್‌ಎಂಪಿಎಸ್ ಕಡೆಯ ಪಿನ್‌ಗಳ ಜೋಡಣೆಗೆ ಎಲ್ಲರೂ ಪಾಲಿಸುವ ನಿಯಮವಿಲ್ಲ. ಬೇರೆ ಕಂಪನಿಯ ಕೇಬಲ್ ಸಲೀಸಾಗಿ ಕೂರುತ್ತದೆ, ಆದರೆ ಡಿಸ್ಕ್‌ನ 5 ವೋಲ್ಟ್ ಪಿನ್ನಿಗೆ 12 ವೋಲ್ಟ್ ಹೋಗಬಹುದು. ಗ್ರಾಫಿಕ್ಸ್ ಕಾರ್ಡ್‌ಗೆ ಈಗ ಹಾರ್ಡ್ ಡಿಸ್ಕ್‌ನ ಕನೆಕ್ಟರ್‌ನಿಂದ ಅಡಾಪ್ಟರ್ ಹಾಕಿ ವಿದ್ಯುತ್ ಕೊಟ್ಟಿದ್ದರೆ ಆ ಅಡಾಪ್ಟರನ್ನು ತೆಗೆದಿಟ್ಟು, ಹೊಸದರ ಪಿಸಿಐಇ ಕೇಬಲ್ಲನ್ನೇ ನೇರವಾಗಿ ಕಾರ್ಡ್‌ಗೆ ಜೋಡಿಸಿ, ನಂತರ ನಿಮ್ಮ ಅತಿ ಉದ್ದದ ಮದುವೆ ವಿಡಿಯೊವನ್ನು ರೆಂಡರ್‌ಗೆ ಹಾಕಿ ನೋಡಿ. ಅದು ಮುಗಿಯುವವರೆಗೂ ಯಂತ್ರ ನಿಲ್ಲದಿದ್ದರೆ ನಿಮ್ಮ ಹಳೆಯ ರ‍್ಯಾಮ್ ಕೂಡ ಸರಿಯಾಗಿಯೇ ಇತ್ತು ಎಂದು ತಿಳಿಯುತ್ತದೆ, ಇಟ್ಟುಕೊಂಡಿದ್ದರೆ ಅದನ್ನೂ ಬಳಸಬಹುದು.